ಗೆರೆ ದಾಟಿ ಬೆಂಕಿ ಬರದಿರಲು: ಮಲೆನಾಡಿನ ತೋಟ, ಬೇಣ, ಬೆಟ್ಟದ ಅಂಚಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ನನಗೆ ಒಂದೇ ಥರದ ಫೋನ್ ಬರುತ್ತದೆ. "ಬೆಂಕಿ ಗೆರೆ ಹೊಡೆಸಿದ್ವಿ, ಆದ್ರೂ ದಾಟಿ ಬಂತು." ಸಾಗರದವರಾಗಲಿ, ಹೊಸನಗರ, ತೀರ್ಥಹಳ್ಳಿ ಕಡೆಯವರಾಗಲಿ, ಮಾತು ಅದೇ. ಬೆಂಕಿ ಗೆರೆ ಅಂದರೆ ಬೆಂಕಿ ದಾಟದ ಹಾಗೆ ಹುಲ್ಲು, ಎಲೆ ತೆಗೆದು ಬೋಳು ಮಾಡಿದ ಪಟ್ಟಿ. ಹೋಗಿ ನೋಡಿದರೆ ಗೆರೆ ಇರುತ್ತದೆ, ನಿಜ. ಆದರೆ ಅದು ಡಿಸೆಂಬರ್‌ನಲ್ಲಿ ಹೊಡೆಸಿ ಮರೆತ ಗೆರೆ. ಅದರ ಮೇಲೆ ಮತ್ತಿ, ನಂದಿ ಮರದ ಎಲೆ ಗೇಣು ದಪ್ಪ ಬಿದ್ದಿರುತ್ತದೆ. ಇಲ್ಲವಾದರೆ ಹುಲ್ಲು ಕೊಯ್ದು ಅಲ್ಲೇ ಹಾಸಿ ಬಿಟ್ಟಿರುತ್ತಾರೆ. ಕೂಲಿ ಕೊಟ್ಟಿದ್ದಾರೆ, ಬೆವರು ಸುರಿಸಿದ್ದಾರೆ. ತಪ್ಪಿರುವುದು ಕೆಲಸದ ಕ್ರಮ.

ಹಾಗಾಗಿ ಇಲ್ಲಿ ಕ್ರಮವನ್ನೇ ಬರೆಯುತ್ತಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೇವೆ ಅಂತ. ಅಡಿಕೆ ತೋಟ, ಅದಕ್ಕೆ ತಾಗಿದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ದರಗು ತರುವ ಕಾಡು), ಮೇಲೆ ಒಂದಿಷ್ಟು ಬೇಣ (ಹುಲ್ಲುಗಾವಲು), ಆಚೆ ಅರಣ್ಯ ಇಲಾಖೆಯ ಕಾಡು ಅಥವಾ ಅಕೇಶಿಯಾ ಪ್ಲಾಂಟೇಶನ್. ನಮ್ಮಲ್ಲಿ ಹೆಚ್ಚಿನವರ ಜಾಗ ಹೀಗೇ ಇರುತ್ತದೆ ಅಲ್ವಾ? ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಕೈಗೆ ಬೇಕಾದ ಸಾಮಾನು

ಕತ್ತಿ, ಗುದ್ದಲಿ, ಪಿಕಾಸಿ ಎಲ್ಲರ ಮನೆಯಲ್ಲೂ ಇರುತ್ತವೆ. ಇವುಗಳ ಜೊತೆಗೆ ಕಬ್ಬಿಣದ ಹಲ್ಲಿರುವ, ಉದ್ದ ಹಿಡಿಯ ಎಲೆ ಗೋರುವ ಸಾಧನ ಎರಡಾದರೂ ಬೇಕು. ಪೊರಕೆಯಲ್ಲಿ ಗುಡಿಸಿದರೆ ಮೇಲಿನ ಎಲೆ ಮಾತ್ರ ಹೋಗುತ್ತದೆ, ಕೆಳಗಿನ ಅರೆಕೊಳೆತ ಪದರ ಹಾಗೇ ಉಳಿಯುತ್ತದೆ. ಬೆಂಕಿ ತೆವಳುವುದು ಆ ಪದರದಲ್ಲೇ. ಹುಲ್ಲು ಕೊಯ್ಯುವ ಮೆಷಿನ್ ಇದ್ದರೆ ಅರ್ಧ ಕೆಲಸ ಕಡಿಮೆ. ಎಲೆ ಊದುವ ಬ್ಲೋವರ್ ಈಗ ಬಾಡಿಗೆಗೂ ಸಿಗುತ್ತದೆ, ಎರಡನೇ ಸಲ ಗುಡಿಸುವಾಗ ತುಂಬಾ ಉಪಯೋಗ. ದರಗು, ಅಂದರೆ ಒಣಗಿ ಬಿದ್ದ ಎಲೆ, ಹೊರಲು ಕಲ್ಲಿ (ಹಗ್ಗದ ಬಲೆಯ ಚೀಲ) ಬೇಕೇ ಬೇಕು.

ನೀರಿಗೆ ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಎರಡು, ಗೆರೆಯ ಹತ್ತಿರ 200 ಲೀಟರ್ ಡ್ರಮ್ ಒಂದೆರಡು. ಕಳೆನಾಶಕ ಹೊಡೆದ ಸ್ಪ್ರೇಯರ್ ಆಗಿದ್ದರೆ ಈಗಲೇ ಸೋಪು ಹಾಕಿ ತೊಳೆದಿಡಿ. ಬೆಂಕಿ ಬಂದ ದಿನ ತೊಳೆಯಲು ಹೊತ್ತಿರುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ಪಂಪ್ ಮಳೆಗಾಲ ಮುಗಿದ ಮೇಲೆ ಅಟ್ಟ ಸೇರಿರುತ್ತದೆ. ಅದನ್ನು ಇಳಿಸಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ.

ಬಟ್ಟೆ ಪೂರ್ತಿ ಹತ್ತಿಯದೇ ಇರಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಹಂತ 1: ಡಿಸೆಂಬರ್ ಕೊನೆಯಲ್ಲಿ ಗಡಿ ಸುತ್ತಿ ಬನ್ನಿ

ಈ ಹಂತದಲ್ಲಿ ಕತ್ತಿ ಹಿಡಿಯಬೇಡಿ, ಬರೀ ನಡೆಯಿರಿ. ಬೆಂಕಿ ಎಲ್ಲಿಂದ ಬರಬಹುದು ಅಂತ ನೋಡುವುದಷ್ಟೇ ಕೆಲಸ. ರಸ್ತೆ ಬದಿ, ದನ ಬಿಡುವ ಬೇಣ, ಸೀಗೆಕಾಯಿಗೆ, ಜೇನಿಗೆ ಜನ ಓಡಾಡುವ ದಾರಿ, ವಿದ್ಯುತ್ ಲೈನಿನ ಕೆಳಗಿನ ಜಾಗ, ಪಕ್ಕದ ತೋಟದವರು ಅಡಿಕೆ ಸಿಪ್ಪೆ ರಾಶಿ ಹಾಕುವ ಮೂಲೆ. ಇವಿಷ್ಟನ್ನು ಗುರುತು ಮಾಡಿಕೊಳ್ಳಿ. ಮಲೆನಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪದಲ್ಲಿ ಅಪರೂಪ. ಬಹುಪಾಲು ಮನುಷ್ಯರ ಕೈಯಿಂದಲೇ ಬರುತ್ತದೆ, ಬೇಕಂತಲೋ ಮರೆವಿನಿಂದಲೋ.

ಆಮೇಲೆ ಇಳಿಜಾರು ನೋಡಿ. ಬೆಂಕಿ ಏರಿನ ಕಡೆಗೆ ಓಡುತ್ತದೆ. ಏರು 10 ಡಿಗ್ರಿ ಜಾಸ್ತಿಯಾದರೆ ಅದರ ವೇಗ ಸುಮಾರು ಇಮ್ಮಡಿ ಆಗುತ್ತದೆ. ಮನೆ ಗುಡ್ಡದ ತಲೆಯಲ್ಲಿದ್ದರೆ ಕೆಳಗಿನಿಂದ ಬರುವ ಬೆಂಕಿಯೇ ದೊಡ್ಡ ಅಪಾಯ. ನಮ್ಮ ತೋಟಗಳು ಕಣಿವೆಯಲ್ಲಿ, ಬೆಟ್ಟ ಮೇಲಿರುತ್ತದೆ. ಹಾಗಾಗಿ ತೋಟಕ್ಕೆ ಬೆಂಕಿ ಮೇಲಿನಿಂದ ನಿಧಾನವಾಗಿ ಇಳಿಯುತ್ತದೆ. "ನಿಧಾನ ಅಲ್ವಾ, ಪರವಾಗಿಲ್ಲ" ಅಂತ ಕೂರುವ ಹಾಗಿಲ್ಲ. ಉರಿಯುವ ಕೊರಡು, ಕಾಯಿ, ಒಣ ಸಗಣಿ ಮುದ್ದೆ ಉರುಳಿ ಬಂದು ಗೆರೆ ದಾಟಿ ತೋಟದೊಳಗೆ ಬೀಳುತ್ತವೆ. ಅದಕ್ಕೆ ಪರಿಹಾರ ಮೂರನೇ ಹಂತದಲ್ಲಿದೆ.

ಹಳ್ಳ, ಬಂಡಿ ದಾರಿ, ದನ ಓಡಾಡಿ ಸವೆದ ಜಾಡು ಎಲ್ಲೆಲ್ಲಿವೆ ಅಂತಲೂ ನೋಡಿಕೊಳ್ಳಿ. ಗೆರೆಯನ್ನು ಇವುಗಳಿಗೆ ಜೋಡಿಸಿದರೆ ಕೂಲಿ ಎಷ್ಟೋ ಉಳಿಯುತ್ತದೆ. ಗಡಿಯಾಚೆ ಇಲಾಖೆಯ ಕಾಡಿದ್ದರೆ ಫಾರೆಸ್ಟ್ ಗಾರ್ಡ್‌ಗೆ ಮೊದಲೇ ಹೇಳಿ. ಅವರೂ ತಮ್ಮ ಬೆಂಕಿ ರೇಖೆ ಮಾಡುವ ಕಾಲ ಅದೇ. ಇಬ್ಬರ ಗೆರೆ ಒಂದಕ್ಕೊಂದು ಸೇರಿದರೆ ಇಬ್ಬರಿಗೂ ಒಳ್ಳೆಯದು.

ಹಂತ 2: ಸಂಕ್ರಾಂತಿ ಹೊತ್ತಿಗೆ ಕೊಯ್ಲು

ಜನವರಿ ಮಧ್ಯದಲ್ಲಿ ಹುಲ್ಲು ಒಣಗಿರುತ್ತದೆ, ಆದರೆ ಬೆಳಗಿನ ಇಬ್ಬನಿ ಇನ್ನೂ ಇರುತ್ತದೆ. ಕೊಯ್ಲಿಗೆ ಇದೇ ಸರಿಯಾದ ಕಾಲ. ಇದಕ್ಕೂ ಮೊದಲು ಕೊಯ್ದರೆ ಮತ್ತೆ ಚಿಗುರುತ್ತದೆ. ತಡ ಮಾಡಿದರೆ ಮೆಷಿನ್ನಿನ ಬ್ಲೇಡ್ ಕಲ್ಲಿಗೆ ತಾಗಿ ಹಾರುವ ಕಿಡಿಯೇ ಸಾಕು.

ಅಗಲ ಎಷ್ಟಿರಬೇಕು? ಬರೀ ತರಗೆಲೆ ಇರುವ ಕಡೆ 10 ಅಡಿ. ಸೊಂಟದೆತ್ತರ ಹುಲ್ಲಿರುವ ಬೇಣದ ಕಡೆ 15 ರಿಂದ 20 ಅಡಿ. ಹುಲ್ಲಿನ ಎತ್ತರದ ಮೂರು ಪಟ್ಟಿಗಿಂತ ಕಡಿಮೆ ಯಾವತ್ತೂ ಬೇಡ. ಕೆಳಗಿನಿಂದ ಬೆಂಕಿ ಏರಿ ಬರುವ ಜಾಗದಲ್ಲಿ ಇನ್ನೂ ಅಗಲ ಮಾಡಿ. ಎಲ್ಲ ಕಡೆ ಒಂದೇ ಅಳತೆ ಹಿಡಿದು ಹೋಗುವುದು ನಾನು ಪದೇ ಪದೇ ನೋಡುವ ತಪ್ಪು. ಹಳ್ಳದ ಬದಿ 20 ಅಡಿ ಮಾಡಿ, ಏರಿನ ಬಾಯಲ್ಲಿ 6 ಅಡಿಗೆ ನಿಲ್ಲಿಸಿರುತ್ತಾರೆ.

ಲಂಟಾನ, ಯುಪಟೋರಿಯಂ ಪೊದೆಗಳನ್ನು ಬುಡ ಸಮೇತ ತೆಗೆಸಿ. ಮರಕ್ಕೆ ಹಬ್ಬಿದ ಒಣ ಬಳ್ಳಿಯನ್ನು ಎಳೆದು ಹಾಕಿ. ಬೆಂಕಿ ನೆಲದಿಂದ ಮರದ ತಲೆಗೆ ಹತ್ತುವುದು ಇಂಥವುಗಳ ಮೇಲೆ. ಗೆರೆಯ ಪಕ್ಕ ಒಣಮರ ನಿಂತಿದ್ದರೆ ಮರೆಯಬೇಡಿ. ಅದು ಉರಿದು ಗೆರೆಗೆ ಅಡ್ಡ ಬಿದ್ದರೆ ಸೇತುವೆ ಹಾಕಿ ಕೊಟ್ಟಂತೆ. ಸ್ವಂತ ಜಾಗದ್ದಾದರೂ ಕಡಿಯುವ ಮುಂಚೆ ಅನುಮತಿ ಬೇಕಾ ಅಂತ ಕೇಳಿ. ಬೆಟ್ಟದ್ದು, ಕಾಡಿನದು ಆದರೆ ಇಲಾಖೆಗೆ ಹೇಳಿ, ನೀವು ಕೈ ಹಾಕಬೇಡಿ. ಕೊಂಬೆ ಕರೆಂಟ್ ಲೈನಿಗೆ ತಾಗುತ್ತಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಸುತ್ತ ನೆಲದ ಹುಲ್ಲು ಕೊಯ್ಯುವುದು ನಿಮ್ಮ ಕೆಲಸ, ಮೇಲಿನ ಕೊಂಬೆ ಅವರ ಕೆಲಸ.

ಕೊಯ್ದದ್ದನ್ನು ಅವತ್ತೇ ಸಾಗಿಸಿ. ಇದು ಈ ಹಂತದ ಅತಿ ಮುಖ್ಯ ಮಾತು. ನಿಂತ ಹುಲ್ಲಿಗಿಂತ ಕೊಯ್ದು ಬಿಟ್ಟ ಹುಲ್ಲು ಬೇಗ ಒಣಗುತ್ತದೆ. ಹಾಗೆ ಬಿಟ್ಟ ಗೆರೆ ಬೆಂಕಿಗೆ ಹಾಸಿದ ಚಾಪೆ.

ಹಂತ 3: ಶಿವರಾತ್ರಿ ಆಸುಪಾಸಿನಲ್ಲಿ ಮಣ್ಣು ಕಾಣುವ ತನಕ ಗೋರಿ

ತೇಗ ಮೊದಲೇ ಎಲೆ ಉದುರಿಸುತ್ತದೆ. ಮತ್ತಿ, ನಂದಿ, ಹೊನ್ನೆ ಎಲ್ಲ ಫೆಬ್ರವರಿ, ಮಾರ್ಚ್‌ವರೆಗೂ ಉದುರಿಸುತ್ತಲೇ ಇರುತ್ತವೆ. ಅಕೇಶಿಯಾಕ್ಕಂತೂ ಕಾಲವೇ ಇಲ್ಲ, ವರ್ಷವಿಡೀ ಬೀಳುತ್ತದೆ. ಅದರ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಹಾಗಾಗಿ ಒಂದೇ ಸಲ ಗೋರಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಗೋರಿದ ಮೇಲೆ ಬಗ್ಗಿ ನೋಡಿ. ಕೆಂಪು ಮಣ್ಣು ಕಾಣಬೇಕು. ಬೆರಳಿನಿಂದ ಕೆರೆದರೆ ಎಲೆಯ ಚೂರು, ಬೇರಿನ ನಾರು ಬರಬಾರದು. ನಾನು ಗೆರೆಯ ನಡುವೆ ಎರಡಡಿ ಅಗಲದ ಒಂದು ಪಟ್ಟಿಯನ್ನು ಗುದ್ದಲಿಯಲ್ಲಿ ಕೆತ್ತಿಸುತ್ತೇನೆ, ಹಸಿ ಮಣ್ಣು ಮೇಲೆ ಬರುವ ಹಾಗೆ. ಉಳಿದ ಅಗಲದಲ್ಲಿ ನಾಲ್ಕು ಎಲೆ ಬಿದ್ದರೂ ಈ ಪಟ್ಟಿ ಕಾಯುತ್ತದೆ.

ಬೆಟ್ಟ ಮೇಲಿದ್ದು ತೋಟ ಕೆಳಗಿರುವ ಕಡೆ ಈ ಪಟ್ಟಿಯನ್ನು ಒಂದಡಿ ಆಳದ ಚರಂಡಿ ಮಾಡಿ, ಮಣ್ಣನ್ನು ತೋಟದ ಬದಿಗೆ ಏರಿಸಿ. ಉರುಳಿ ಬರುವ ಕೆಂಡ ಅದರಲ್ಲಿ ಬಿದ್ದು ನಿಲ್ಲುತ್ತದೆ. ಹಳೆಯ ಅಗಳ (ಗಡಿಯ ಆಳದ ಕಂದಕ) ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಖಾಲಿ ಮಾಡಿ. ಅಗಳ ಇದೆ ಅಂತ ಧೈರ್ಯವಾಗಿ ಕೂತವರ ತೋಟಕ್ಕೆ ಅಗಳದೊಳಗಿಂದಲೇ ಬೆಂಕಿ ಬಂದದ್ದನ್ನು ನೋಡಿದ್ದೇನೆ. ಎದೆಯೆತ್ತರದ ಅಗಳದಲ್ಲಿ ಮೊಣಕಾಲವರೆಗೆ ದರಗು ತುಂಬಿತ್ತು. ಬೆಂಕಿ ಅದರಲ್ಲಿ ಇಳಿದು, ಬತ್ತಿ ಹಿಡಿದ ಹಾಗೆ ತೋಟದ ಉದ್ದಕ್ಕೂ ಓಡಿತ್ತು.

ಗೋರಿದ ದರಗನ್ನು ಏನು ಮಾಡುವುದು? ಗೆರೆಯ ಅಂಚಿನಲ್ಲಿ ಒಡ್ಡಿನ ಹಾಗೆ ಒಟ್ಟಬೇಡಿ. ಆ ರಾಶಿ ಹತ್ತಿಕೊಂಡರೆ ಜ್ವಾಲೆ ಆಳೆತ್ತರ ಏರುತ್ತದೆ, ಕಿಡಿ ಸುಲಭವಾಗಿ ಈಚೆ ಹಾರುತ್ತದೆ. ಕಲ್ಲಿಯಲ್ಲಿ ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಅಥವಾ ಗೊಬ್ಬರದ ಗುಂಡಿಗೆ ಹಾಕಿ. ನಮ್ಮ ಹಿರಿಯರು ಸುಮ್ನೆ ದರಗು ಹೊರುತ್ತಿರಲಿಲ್ಲ. ಗೊಬ್ಬರವೂ ಆಗುತ್ತಿತ್ತು, ಬೆಟ್ಟದ ಅಂಚೂ ಚೊಕ್ಕಟವಾಗುತ್ತಿತ್ತು. ದನ ಕಡಿಮೆಯಾದ ಮೇಲೆ ಆ ಎಲೆಯೆಲ್ಲ ಬೆಟ್ಟದಲ್ಲೇ ಉಳಿಯುತ್ತಿದೆ. ಆದರೆ ಗೆರೆಯದ್ದನ್ನು ಮಾತ್ರ ತನ್ನಿ. ಇಡೀ ಬೆಟ್ಟ ಗೋರಿದರೆ ಮೊದಲ ಮಳೆಗೆ ಮಣ್ಣು ಹಳ್ಳ ಸೇರುತ್ತದೆ.

ಉಣುಗಿನ ವಿಷಯದಲ್ಲಿ ಎಚ್ಚರ

ಇದನ್ನು ಬೇರೆಯಾಗಿಯೇ ಬರೆಯಬೇಕು. ಬೆಂಕಿ ಗೆರೆ ಮಾಡುವ ಕಾಲ ಮತ್ತು ಮಂಗನ ಕಾಯಿಲೆಯ ಕಾಲ ಎರಡೂ ಒಂದೇ. 1957ರಲ್ಲಿ ಈ ಕಾಯಿಲೆ ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು (ರಕ್ತ ಹೀರುವ ಸಣ್ಣ ಹುಳ, ಉಣ್ಣೆ) ಕಾಡಿನ ನೆಲದಲ್ಲಿ, ತರಗೆಲೆಯ ನಡುವೆಯೇ ಇರುತ್ತದೆ.

ನಿಮ್ಮ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಆ ವರ್ಷ ಕಾಡಿನಂಚಿನ ದರಗು ಮನೆಗೆ, ಕೊಟ್ಟಿಗೆಗೆ ತರಲೇಬೇಡಿ. ಗೆರೆಯಿಂದ ಹೊರಗೆ, ಬೆಟ್ಟದ ಒಳಕ್ಕೆ ದೂರದವರೆಗೆ ತೆಳ್ಳಗೆ ಹರಡಿಬಿಡಿ. ಕೆಲಸಕ್ಕೆ ಹೋಗುವಾಗ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಎಲೆ ರಾಶಿಯ ಮೇಲೆ ಕೂತು ಎಲೆ ಅಡಿಕೆ ಹಾಕುವ ಅಭ್ಯಾಸ ಈ ದಿನಗಳಲ್ಲಿ ಬೇಡ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೆಲಸಕ್ಕೆ ಬಂದವರಿಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿಸಿ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಡಿನ ಕೆಲಸ ಮಾಡಿದ್ದಾರೆ ಅಂತ ಡಾಕ್ಟರಿಗೆ ಹೇಳಿ.

ಹಂತ 4: ಮನೆ, ಒಲೆ, ಸಿಪ್ಪೆ ರಾಶಿ

ಕಾಡಿನಿಂದ ನಮ್ಮ ಕಡೆ ಬರುವ ಬೆಂಕಿ ಬಗ್ಗೆ ಇಷ್ಟು ಹೇಳಿದೆ. ನಮ್ಮಿಂದ ಕಾಡಿಗೆ ಹೋಗುವ ಬೆಂಕಿಯೂ ಕಡಿಮೆ ಏನಲ್ಲ. ಅಡಿಕೆ ಕೊನೆಕೊಯ್ಲು (ಗೊನೆ ಕೊಯ್ಯುವುದು) ಮುಗಿಯುವ ಹೊತ್ತಿಗೆ ಪ್ರತಿ ಅಂಗಳದಲ್ಲೂ ಅಡಿಕೆ ಬೇಯಿಸುವ ಒಲೆ, ಪಕ್ಕದಲ್ಲಿ ಸಿಪ್ಪೆಯ ಗುಡ್ಡ. ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ತುಂಬಿ ಬೇಲಿಯಾಚೆ ಚೆಲ್ಲುವುದು ರೂಢಿ. ಬೂದಿ ಬೆಳ್ಳಗಿದೆ ಅಂದ ಮಾತ್ರಕ್ಕೆ ತಣ್ಣಗಿದೆ ಅಂತಲ್ಲ. ನೀರು ಹಾಕಿ, ಕೋಲಿನಿಂದ ಕಲಕಿ, ಮತ್ತೆ ನೀರು ಹಾಕಿ. ಮಾರನೇ ದಿನ ಚೆಲ್ಲಿ.

ಸಿಪ್ಪೆ ರಾಶಿಗೆ ಬೆಂಕಿ ಹಾಕುವುದನ್ನು ದಯವಿಟ್ಟು ಬಿಡಿ. ಮೇಲೆ ಏನೂ ಕಾಣುವುದಿಲ್ಲ, ಒಳಗೆ ದಿನಗಟ್ಟಲೆ ಕನಲುತ್ತಿರುತ್ತದೆ. ಒಂದು ಸಂಜೆ ಗಾಳಿ ತಿರುಗಿದರೆ ಸಾಕು. ಸಿಪ್ಪೆಯನ್ನು ಸಗಣಿ ನೀರು ಹಾಕಿ ಪದರ ಪದರವಾಗಿ ಗುಂಡಿಯಲ್ಲಿ ಕೊಳೆಸಿ. ನಿಧಾನ ನಿಜ, ಆದರೆ ಒಳ್ಳೆಯ ಗೊಬ್ಬರ. ಜಾಗ ಇಲ್ಲದಿದ್ದರೆ ಮಳೆ ಹಿಡಿಯುವ ತನಕ ಬೇಲಿಯಿಂದ, ಕರೆಂಟ್ ಲೈನಿನಿಂದ ದೂರ ಒಟ್ಟಿಡಿ.

ಮನೆಯ ಸುತ್ತ 30 ಅಡಿ ಒಣ ಹುಲ್ಲು, ದರಗು ಇರಬಾರದು. ಹಂಚಿನ ಸಂದಿ, ಮಾಡಿನ ದೋಣಿಯಲ್ಲಿ ಕೂತ ಎಲೆ ತೆಗೆಯಿರಿ. ಹುಲ್ಲು ಬಣವೆ, ಸೌದೆ ಕೊಟ್ಟಿಗೆ ಬೆಟ್ಟದ ಬದಿಗಿದ್ದರೆ ಮೊದಲ ಕಿಡಿ ಅಲ್ಲೇ ಬೀಳುತ್ತದೆ. ತೋಟದ ಅಂಚಿನಲ್ಲಿ ಪಿವಿಸಿ ಪೈಪು, ಡ್ರಿಪ್ ಲೈನು ನೆಲದ ಮೇಲಿದ್ದರೆ ಅದರ ಎರಡೂ ಬದಿ ಎರಡಡಿ ಗೋರಿಸಿ. ಬೆಂಕಿ ಬಂದ ದಿನ ನೀರು ಬೇಕು, ಅವತ್ತೇ ಪೈಪು ಕರಗಿರುತ್ತದೆ. ಅಂಚಿನ ಸಾಲಿನ ಅಡಿಕೆ ಬುಡದಿಂದಲೂ ಒಣ ಸೋಗೆ, ಹಾಳೆ ಸರಿಸಿ. ಅಡಿಕೆಗೆ ಮಾವಿನ ಹಾಗೆ ದಪ್ಪ ತೊಗಟೆ ಇಲ್ಲ. ಬುಡ ಬೆಂದರೆ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ.

ಹಂತ 5: ಸುಡಲೇಬೇಕು ಅನ್ನುವವರಿಗೆ

ನನ್ನ ಮಾತು ಕೇಳಿದರೆ ಸುಡಬೇಡಿ. "ಗೆರೆಯಲ್ಲಿ ಸ್ವಲ್ಪ ಬೆಂಕಿ ಕೊಟ್ಟರೆ ಬೇಗ ಚೊಕ್ಕಟ" ಅಂತ ಶುರುವಾದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನೋಡಿದ್ದೇನೆ. ಹೊಸ ಹುಲ್ಲು ಚಿಗುರಲಿ ಅಂತ ಬೇಣಕ್ಕೆ ಬೆಂಕಿ ಕೊಡುವುದೂ ಅಷ್ಟೇ. ಚಿಗುರು ಬರುತ್ತದೆ, ಜೊತೆಗೆ ಬೆಟ್ಟದ ಎಳೆ ಸಸಿಗಳೆಲ್ಲ ಹೋಗುತ್ತವೆ. ಕಾಡಿಗೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಸೊಪ್ಪಿನ ಬೆಟ್ಟದಲ್ಲಿ ಇಲಾಖೆಗೆ ತಿಳಿಸದೆ ಬೆಂಕಿ ಹಚ್ಚಲೇಬಾರದು.

ಸ್ವಂತ ಹಿಡುವಳಿಯ ಗದ್ದೆ ಬದುವಿನ ಕಸ ಸುಡುವುದಾದರೆ ಇಷ್ಟು ಷರತ್ತು. ಇಬ್ಬನಿ ಇರುವಾಗಲೇ, ಬೆಳಿಗ್ಗೆ ಶುರು ಮಾಡಿ 9 ಗಂಟೆಯೊಳಗೆ ಪೂರ್ತಿ ಆರಿಸಿ ಮುಗಿಸಿ. ಕನಿಷ್ಠ ಮೂರು ಜನ, ಎರಡು ತುಂಬಿದ ಸ್ಪ್ರೇಯರ್ ಇರಲಿ. ರಾಶಿ ಮೊಣಕಾಲಿಗಿಂತ ಎತ್ತರ ಬೇಡ. ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೇಳಿ. ಮಾರ್ಚ್ ಒಂದರ ಮೇಲೆ ಕಡ್ಡಿ ಗೀರುವ ಯೋಚನೆಯೇ ಬೇಡ.

ಒಣ ಎಲೆಯನ್ನು ಅಂಗೈಯಲ್ಲಿ ಹಿಚುಕಿ ನೋಡಿ. ಮೆತ್ತಗೆ ಮಡಿಚಿಕೊಂಡರೆ ಇನ್ನೂ ತೇವ ಇದೆ. ಗರಿಗರಿಯಾಗಿ ಪುಡಿಯಾದರೆ ಅವತ್ತು ಬೀಡಿ ಸೇದುವವರನ್ನೂ ಬೆಟ್ಟಕ್ಕೆ ಬಿಡಬೇಡಿ.

ಹಂತ 6: ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಕಾವಲು

ವಾರಕ್ಕೊಮ್ಮೆ ಗೆರೆ ಸುತ್ತಿ, ಬಿದ್ದ ಎಲೆಯನ್ನು ಬ್ಲೋವರ್‌ನಲ್ಲಿ ಊದಿಸಿ. ಒಂದು ಎಕರೆ ತೋಟದ ಅಂಚಿಗೆ ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಇದನ್ನು ಬಿಟ್ಟರೆ ಮೊದಲ ಮೂರೂ ಹಂತದ ಕೂಲಿ ವ್ಯರ್ಥ.

ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಅಪಾಯ ಹೆಚ್ಚು. ಆ ಹೊತ್ತಲ್ಲಿ ಗಾಳಿಯ ತೇವ ಕಡಿಮೆ, ಬಿಸಿಲು ಜಾಸ್ತಿ. ನೆಲದಲ್ಲಿ ಸಣ್ಣ ಸುಳಿಗಾಳಿ ಎದ್ದು ದರಗು ತಿರುಗುವುದು ಕಂಡರೆ, ಮಧ್ಯಾಹ್ನದ ಮೇಲೆ ಗುಡುಗು ಕೇಳಿ ಮಳೆ ಬರದಿದ್ದರೆ, ಅವತ್ತು ಗಾಳಿ ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಹೇಳಲಾಗದು. ಹಿಂದಿನ ವರ್ಷ ಉರಿಯದೆ ಉಳಿದ ಬಿದಿರು ಮೆಳೆ, ಹೂ ಬಿಟ್ಟು ಸತ್ತ ಬಿದಿರು ಹತ್ತಿರದಲ್ಲಿದ್ದರೆ ಇನ್ನಷ್ಟು ಎಚ್ಚರ. ಬಿದಿರು ಸಿಡಿದು ಕಿಡಿ ದೂರ ಹಾರುತ್ತದೆ.

ಊರಿನವರದ್ದೊಂದು ವಾಟ್ಸಾಪ್ ಗುಂಪು ಮಾಡಿ, ಅದರಲ್ಲಿ ಬೆಂಕಿ ವಿಷಯ ಬಿಟ್ಟು ಬೇರೇನೂ ಹಾಕಬೇಡಿ. ಗಾರ್ಡ್, ಫಾರೆಸ್ಟರ್ ನಂಬರ್ ಎಲ್ಲರ ಫೋನಿನಲ್ಲಿರಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಕಂಡ ಬೆಂಕಿಯ ಸಂದೇಶವನ್ನು ಮೊಬೈಲಿಗೆ ಕಳಿಸುತ್ತದೆ, ಯಾರು ಬೇಕಾದರೂ ನೋಂದಾಯಿಸಬಹುದು. ಆದರೆ ಉಪಗ್ರಹ ಮೇಲೆ ಹಾದು ಹೋದಾಗ ಮಾತ್ರ ಅದಕ್ಕೆ ಕಾಣುವುದು. ಅದನ್ನೇ ನಂಬಿ ಕೂರಬೇಡಿ, ಗುಡ್ಡದ ಮನೆಯವರ ಕಣ್ಣು ಅದಕ್ಕಿಂತ ಬೇಗ.

ಹಂತ 7: ಹೊಗೆ ಕಂಡಾಗ

ಮೊದಲು ಫೋನ್, ಆಮೇಲೆ ಓಟ. ಹೆಚ್ಚಿನವರು ಸೊಪ್ಪು ಮುರಿದುಕೊಂಡು ಓಡಿ, ಅರ್ಧ ಗಂಟೆ ಬಡಿದು ಸುಸ್ತಾದ ಮೇಲೆ ಫೋನ್ ತೆಗೆಯುತ್ತಾರೆ. ಅಷ್ಟರಲ್ಲಿ ಬೆಂಕಿ ಕೈ ಮೀರಿರುತ್ತದೆ. ಎಲ್ಲಿ, ಯಾವ ದಾರಿಯಲ್ಲಿ ಬರಬೇಕು, ಜೀಪು ಎಲ್ಲಿಯವರೆಗೆ ಬರುತ್ತದೆ, ಇಷ್ಟು ಹೇಳಿ.

ಒಬ್ಬರೇ ಹೋಗಬೇಡಿ. ಮಕ್ಕಳು, ವಯಸ್ಸಾದವರು ಮನೆ ಹತ್ತಿರ ನೀರಿನ ಕೆಲಸ ನೋಡಲಿ. ಹೊರಡುವ ಮುಂಚೆ ತಪ್ಪಿಸಿಕೊಳ್ಳುವ ಜಾಗ ಯಾವುದು ಅಂತ ಎಲ್ಲರೂ ಒಪ್ಪಿಕೊಳ್ಳಿ. ಕೊಯ್ದ ಗದ್ದೆ, ಟಾರು ರಸ್ತೆ, ಅಥವಾ ಆಗಲೇ ಸುಟ್ಟು ಕರಿದಾದ ನೆಲ ಒಳ್ಳೆಯದು. ಗುಡ್ಡದ ಮೇಲಕ್ಕೆ ಓಡಲೇಬಾರದು.

ಜ್ವಾಲೆ ಮೊಣಕಾಲಿಗಿಂತ ಕೆಳಗಿದ್ದರೆ ಮಾತ್ರ ಸೊಪ್ಪಿನಲ್ಲಿ ಆರಿಸಬಹುದು. ಬೆಂಕಿಯ ಬಾಲದಿಂದ (ಹಿಂಬದಿಯಿಂದ), ಎರಡೂ ಪಕ್ಕದಿಂದ ಬನ್ನಿ, ಅದು ಮುನ್ನುಗ್ಗುವ ತಲೆಗೆ ಎದುರಾಗಬೇಡಿ. ಹಸಿ ಸೊಪ್ಪಿನ ಗೊಂಚಲನ್ನು ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ. ನೆಲಕ್ಕೆ ಒತ್ತಿ, ಸುಟ್ಟ ಬದಿಗೆ ಎಳೆಯಿರಿ. ಜ್ವಾಲೆ ಸೊಂಟ ದಾಟಿದೆಯಾ, ಹೊಗೆ ನಿಮ್ಮ ಕಡೆಗೇ ಬಾಗುತ್ತಿದೆಯಾ, ಬೆನ್ನ ಹಿಂದೆ ಬೂದಿ, ಕಿಡಿ ಬೀಳುತ್ತಿದೆಯಾ, ಅಲ್ಲಿಂದ ತಕ್ಷಣ ಹೊರಡಿ. ಗೆರೆಗೆ ವಾಪಸ್ ಬಂದು ಅಲ್ಲಿ ನಿಂತು ಕಾಯಿರಿ. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಗೆ ಎದುರಿನಿಂದ ಬೇರೆ ಬೆಂಕಿ ಹಚ್ಚುವ ಕೆಲಸ ಇಲಾಖೆಯ ಅನುಭವಿಗಳಿಗೆ ಬಿಡಿ.

ಹಂತ 8: ಆರಿದ ಮೇಲಿನ ಎರಡು ದಿನ

ನಮ್ಮ ಬೇಣದಲ್ಲಿ ಒಮ್ಮೆ ಸಂಜೆಯೊಳಗೆ ಬೆಂಕಿ ಆರಿಸಿ ಮನೆಗೆ ಬಂದಿದ್ದೆವು. ಮಾರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಅದೇ ಅಂಚಿನಿಂದ ಮತ್ತೆ ಹೊಗೆ. ಹುಡುಕಿದರೆ ಒಂದು ಒಣ ಸಗಣಿ ಮುದ್ದೆ. ಮೇಲೆ ತೆಳ್ಳಗೆ ಬೂದಿ, ನೋಡಲು ಕಲ್ಲಿನ ಹಾಗಿತ್ತು. ಕಡ್ಡಿಯಿಂದ ಮಗುಚಿದರೆ ಹೊಟ್ಟೆಯೊಳಗೆ ಕೆಂಪಗೆ ಕೆಂಡ. ರಾತ್ರಿಯಿಡೀ ಅದು ಹಾಗೇ ಇತ್ತು, ಗಾಳಿ ಎದ್ದ ಮೇಲೆ ಪಕ್ಕದ ಹುಲ್ಲಿಗೆ ಹಿಡಿದಿತ್ತು. ಎಂಟು ವರ್ಷ ಸಾಕಿದ ಹಲಸಿನ ಸಾಲು ಆ ಎರಡನೇ ಬೆಂಕಿಯಲ್ಲಿ ಹೋಯಿತು.

ಆದ್ದರಿಂದ ಸುಟ್ಟ ಅಂಚಿನ ಒಳಗೆ 30 ಅಡಿಯವರೆಗೆ ಒಂದೊಂದು ಮುದ್ದೆ, ಒಂದೊಂದು ಮರದ ಕುಂಟೆ ಮಗುಚಿ ನೋಡಿ. ಪೊಟರೆ ಮರ, ಬಿದ್ದ ಕೊರಡು, ಬೇರಿನ ಬುಡ, ಬಿದಿರಿನ ಬೊಡ್ಡೆ ಇವುಗಳಲ್ಲಿ ಕೆಂಡ ಅಡಗಿರುತ್ತದೆ. ಅಂಗೈ ಇಡಬೇಡಿ, ಮುಂಗೈಯನ್ನು ಹತ್ತಿರ ತಂದು ಕಾವು ನೋಡಿ. ಬಿಸಿ ಇದ್ದರೆ ನೀರು ಹಾಕಿ, ಗುದ್ದಲಿಯಿಂದ ಮಣ್ಣಿನ ಜೊತೆ ಕಲಸಿ, ಮತ್ತೆ ನೀರು ಹಾಕಿ. ಬರೀ ಮಣ್ಣು ಮುಚ್ಚಿ ಬಂದರೆ ಒಳಗೆ ಕನಲುತ್ತಲೇ ಇರುತ್ತದೆ. ರಾತ್ರಿ ಊಟ ಆದ ಮೇಲೆ ಇಬ್ಬರು ಒಂದು ಸುತ್ತು ಹೋಗಿ. ಕತ್ತಲೆಯಲ್ಲಿ ಕೆಂಡ ಚೆನ್ನಾಗಿ ಕಾಣುತ್ತದೆ. ಮಾರನೇ ದಿನ 11 ಗಂಟೆಗೆ, 2 ಗಂಟೆಗೆ ಮತ್ತೆ ನೋಡಿ. 48 ಗಂಟೆ ಹೊಗೆ ಇಲ್ಲ ಅಂದರೆ ಆರಿದೆ ಅನ್ನಬಹುದು.

ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಒಂದು ಬಂತು ಅಂತ ಡ್ರಮ್, ಸ್ಪ್ರೇಯರ್ ಒಳಗಿಡಬೇಡಿ. ಮೇಲಿನ ದರಗು ಎರಡು ಮೂರು ದಿನದಲ್ಲಿ ಮತ್ತೆ ಗರಿಗರಿ ಆಗುತ್ತದೆ. ಗೆರೆಯ ಆಚೆ ಹೋಗಿ ದರಗಿನ ಅಡಿಗೆ ಬೆರಳು ತೂರಿಸಿ ನೋಡಿ. ಕೆಳಗಿನ ಪದರ ಒದ್ದೆಯಾಗಿ ಬೆರಳಿಗೆ ಮಣ್ಣು ಅಂಟುವವರೆಗೆ ವಾರದ ಸುತ್ತು ಮುಂದುವರಿಸಿ.